ಹಸಿದ ಕೌದಿ

ಕೌದಿಗೆ ಇರುವೆ ಹತ್ತಿತ್ತು. ಒಂದೆರಡಲ್ಲ, ಗೋಡೆಯಿಂದ ಸಾಲುಗಟ್ಟಿ ಬಂದು, ಬಸ್ಸಮ್ಮ ಮೂರು ತಿಂಗಳಿಂದ ಹೊಲಿಯುತ್ತಿದ್ದ ಕೌದಿಯೊಳಗೆ ನುಗ್ಗುತ್ತಿದ್ದವು. ಸೊಸೆ ಮಲ್ಲೇಶ್ವರಿ ಮೂಲೆಯ ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ಒಣಗಿದ ರೊಟ್ಟಿ ಚೂರುಗಳು, ಒಂಬತ್ತು! ಅವಳಿಗೆ ಪಿತ್ತ ನೆತ್ತಿಗೇರಿತು. ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ಸಂಭಾಳಿಸಿ ದಣಿದು ಬಂದವಳಿಗೆ ಮನೆಯಲ್ಲಿ ಇದೊಂದು ಬಾಕಿ ಇತ್ತು ನೋಡಿ.

ಶಹಾಪುರದ ಆ ಓಣಿಯಲ್ಲಿ ಬಸ್ಸಮ್ಮನ ಕೌದಿ ಹೊದೆಯದೆ ಬೆಳೆದ ಕೂಸು ಇಲ್ಲವೆಂದರೂ ನಡೆದೀತು. ಹಳೆಯ ಸೀರೆ, ಧೋತರ ಏನು ಕೊಟ್ಟರೂ ಪದರ ಹಚ್ಚಿ, ಅಂಚಿನಿಂದ ನಡುವಿನತ್ತ ಸಾಲು ಹೊಲಿಗೆ ಹಾಕುತ್ತ ಹೋಗುವವಳು. ಕೊನೆಯ ಮೂಲೆ ಮುಚ್ಚುವ ಮುನ್ನ ಒಂದು ಚೂರು ರೊಟ್ಟಿ ಒಳಗಿಡುವುದು ಅವಳ ಅತ್ತೆ ಕಲಿಸಿದ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ.

ಮೂರು ವರ್ಷದಿಂದ ಅವಳಿಗೆ ಮರೆವಿನ ರೋಗ. ಇದು ವಾಸಿಯಾಗುವುದಲ್ಲ ಎಂದು ಯಾದಗಿರಿಯ ಡಾಕ್ಟರು ನೆಟ್ಟಗೆ ಹೇಳಿಬಿಟ್ಟಿದ್ದರು. ಮೊದಲು ಹೆಸರುಗಳು ಹೋದವು, ಆಮೇಲೆ ಮನೆಯ ದಾರಿ, ಈಗೀಗ ಹೊಟ್ಟೆಯಲ್ಲಿ ಹುಟ್ಟಿದ ಮಗ ವಿಶ್ವರಾಧ್ಯನನ್ನೇ ನೀನ್ಯಾರಪ್ಪ ಎಂದು ಕೇಳುತ್ತಾಳೆ. ಉಳಿದದ್ದು ಸೂಜಿಯೊಂದೇ. ಅದೂ ಬೆರಳಿಗೆ ಚುಚ್ಚಿ ಎರಡು ಸಲ ಕೀವಾಗಿತ್ತು. ಇರುವೆ ಕಂಡದ್ದೇ ವಿಶ್ವರಾಧ್ಯ, ಸೂಜಿ ಕಸಿದುಕೊಂಡು ಕೌದಿಯನ್ನು ಅಟ್ಟಕ್ಕೆ ಎಸೆದುಬಿಡು ಎಂದು ಹೆಂಡತಿಗೆ ಹೇಳಿ ಬಸ್ ಡಿಪೋಗೆ ಕೆಲಸಕ್ಕೆ ಹೋದ. ಮಲ್ಲೇಶ್ವರಿಗೂ ಅದೇ ಸರಿಯೆನಿಸಿತು.

ಸೂಜಿಯನ್ನು ಕಿತ್ತುಕೊಂಡು ತನ್ನ ಸೆರಗಿಗೆ ಸಿಕ್ಕಿಸಿದಳು. ಬಾಯಿಗೆ ಬಂದಂತೆ ಬೈದಳು. ಒಮ್ಮೆ ಇಟ್ಟರೆ ಸಾಲದೇ, ದಿನಾ ಬಿಚ್ಚಿ ಬಿಚ್ಚಿ ಯಾಕೆ ತುರುಕಿದಿರಿ ಎಂದು ಕೇಳಿದಳು. ಬಸ್ಸಮ್ಮ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಉಂಡದ್ದು ಇದಕ್ಕ ನೆನಪ ಇರಂಗಿಲ್ಲವ್ವಾ. ಹಸಿವಿ ಅಷ್ಟ ನೆನಪಿರತದ. ಕೇಳಿದ್ರ ಎಲ್ಲಾರೂ ಬೈತಾರ."

ಮಲ್ಲೇಶ್ವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಉಂಡ ಕೈ ಒಣಗುವ ಮೊದಲೇ ಅತ್ತೆ ಮತ್ತೆ ಊಟ ಕೇಳುತ್ತಿದ್ದಳು. ಈಗಷ್ಟೇ ಉಂಡಿರಲ್ಲ ಎಂದು ತಾನು ದಿನಾ ಗದರುತ್ತಿದ್ದಳು. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡಳು.

ಪಕ್ಕದಲ್ಲಿ ಕೂತು ಆ ಕೌದಿಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅಂಚಿನ ಸಾಲುಗಳು ಕೂರಿಗೆಯಲ್ಲಿ ಬಿತ್ತಿದಷ್ಟು ನೆಟ್ಟಗಿದ್ದವು. ಒಳಗೆ ಹೋದಂತೆ ದಾರ ಅಡ್ಡಾದಿಡ್ಡಿ ಅಲೆದು, ಬಂದ ಕಡೆಗೇ ತಿರುಗಿ, ಗಂಟೂ ಇಲ್ಲದೆ ನಿಂತುಬಿಟ್ಟಿತ್ತು. ಆಚೆ ಒಂದು ಮೊಳ ಬರೀ ಬಟ್ಟೆ. ನಟ್ಟನಡುವೆ ಮಾತ್ರ ಅಂಗೈಯಗಲ ಕೆಂಪು ದಾರದ ಹೊಲಿಗೆ, ಸೂಜಿ ಇಳಿಯದಷ್ಟು ಒತ್ತು.

ಇದೇನು ಎಂದು ಕೇಳಿದರೆ ಬಸ್ಸಮ್ಮ ಬೆರಳಾಡಿಸಿ ತೋರಿಸಿದಳು. ಅಂಚಿನಲ್ಲಿ ತವರೂರು ಮುದನಾಳ, ಅಲ್ಲಿ ಹಾದಿ ಕಾಣುತ್ತದಂತೆ. ದಾರ ಅಲೆದಲ್ಲಿ ಹಾದಿ ತಪ್ಪುತ್ತದಂತೆ. ಬರೀ ಬಟ್ಟೆಯಿದ್ದಲ್ಲಿ ಕೂಗಿದರೂ ಓ ಅನ್ನುವವರಿಲ್ಲವಂತೆ. ಡಾಕ್ಟರು ತೆಗೆಸಿದ ತಲೆಯ ಫೋಟೋದಲ್ಲಿ ಮಲ್ಲೇಶ್ವರಿಗೆ ಏನೂ ತಿಳಿದಿರಲಿಲ್ಲ. ಇಲ್ಲಿ ತಿಳಿಯಿತು. ಕೊನೆಗೆ ಆ ಕೆಂಪು ಏನೆಂದು ಕೇಳಿದಳು.

"ಅಲ್ಲೊಬ್ಬಾಕಿ ಕುಂತಾಳ. ಹೆಸರ ಬರವಲ್ದು. ಸಿಟ್ಟ ಭಾಳ ಆಕಿಗಿ. ಖರೆ, ಎಲ್ಲಾರೂ ಎದ್ದು ಹೋದ್ರೂ ಆಕಿ ಹೋಗಿಲ್ಲ. ಆಕಿ ಅದಾಳಂತ ನನಗ ಅಂಜಿಕಿಲ್ಲ."

ಮಲ್ಲೇಶ್ವರಿ ಅತ್ತುಬಿಟ್ಟಳು. ಹಡೆದವಳೂ ಅವಳಿಗೆ ಇಷ್ಟು ದೊಡ್ಡ ಮಾತು ಹೇಳಿರಲಿಲ್ಲ. ತಾನು ಅಂಗನವಾಡಿ ಟ್ರೇನಿಂಗಿಗೆ ಹೋದ ವರ್ಷ ಇದೇ ತೊಡೆ ತನ್ನ ಕೂಸನ್ನು ಮಲಗಿಸಿತ್ತು. ಅದರ ಋಣವೇ ತೀರಿಲ್ಲ, ಮೇಲೆ ಇದೊಂದು. ಇಂಥ ಅತ್ತೆ ಸಿಕ್ಕಿದ್ದು ತನ್ನ ಪುಣ್ಯವೆಂದು ಮನಸಾರೆ ಅನಿಸಿತು. ಗಂಡ ಬಂದು ಕೂಗಾಡಿದರೆ ಕೂಗಾಡಲಿ. ಸೆರಗಿನಿಂದ ಸೂಜಿ ತೆಗೆದು, ಕಣ್ಣೊರೆಸಿಕೊಂಡು, ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ದಾರ ಪೋಣಿಸಿ ಅತ್ತೆಯ ಕೈಗೆ ಕೊಟ್ಟಳು.

"ಹೊಲೀರಿ ಅತ್ತಿ. ಆಕಿ ಎಲ್ಲಿಗೂ ಹೋಗಂಗಿಲ್ಲ."