ಹತ್ತೊಂಬತ್ತು ನಯವಾದ ದಿನಗಳು

ನನ್ನ ಹಳೆಯ ನೋಟ್‌ಪುಸ್ತಕಗಳಲ್ಲಿ ಒಂದಕ್ಕೆ ಗುರುತಿನ ದಾರವಾಗಿ ರೇಷ್ಮೆ ಎಳೆ ಕಟ್ಟಿದೆ. ಅದು ಮಾವನ ಮಾತ್ರೆಯ ಪುಸ್ತಕ. ಎಡಗಡೆ ತಾರೀಖು, ನಡುವೆ ವಾರ, ಬಲಗಡೆ ಕೆಂಪು ಶಾಯಿಯ ಟಿಕ್. ಕಂಡಿದ್ದನ್ನೆಲ್ಲ ಬರೆದಿಡುವ ಚಟ ನನಗೆ ಹೈಸ್ಕೂಲಿನಿಂದಲೂ ಇತ್ತು. ಹನೂರಿನ ಬಸ್ಸು ಎಷ್ಟು ನಿಮಿಷ ತಡ, ಮಳೆ ಎಷ್ಟು ದಿನ, ಅಜ್ಜಿ ದಿನಕ್ಕೆ ಎಷ್ಟು ಸಲ ಎಲೆಅಡಿಕೆ ಹಾಕಿದಳು, ಎಲ್ಲ ಇದೆ. ಅದನ್ನು ನೋಡಿಯೇ ಅಮ್ಮ ಮಾತ್ರೆಯ ಕೆಲಸ ನನಗೆ ವಹಿಸಿದಳು. ಆಗ ನಾನು ಎರಡನೇ ಪಿಯುಸಿ.

ಮಾವ ಅಮ್ಮನ ತಮ್ಮ. ಕೊಳ್ಳೇಗಾಲದ ನಮ್ಮ ಮನೆಯ ನಡುಮನೆಯಲ್ಲಿದ್ದ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ, ಅವನದು. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು ಅದೇ. ಸದ್ದು ನಿಂತರೆ ಊಟದ ಹೊತ್ತಾಯಿತು ಎಂದು ನಮಗೆ ಗೊತ್ತಾಗುತ್ತಿತ್ತು. ನನಗೆ ಮಾತ್ರೆಯ ಕೆಲಸ ಬರುವ ಎರಡು ವರ್ಷ ಮೊದಲು ಒಮ್ಮೆ ಅದು ಊಟದ ಹೊತ್ತಲ್ಲದ ಹೊತ್ತಿನಲ್ಲಿ ನಿಂತಿತ್ತು. ಅದಕ್ಕೂ ಮೊದಲು ಮಾವ ವಾರಗಟ್ಟಲೆ ನಿದ್ದೆ ಬಿಟ್ಟು, ಗೋಡೆಯೊಳಗೆ ಯಾರೋ ತನ್ನನ್ನು ಬೈಯುತ್ತಾರೆ ಎನ್ನುತ್ತಿದ್ದ. ಆ ದಿನ ಲಾಳಿಯನ್ನು ಹಾಸಿನ ಎಳೆಗಳ ನಡುವೆಯೇ ಬಿಟ್ಟು ನಡೆದುಬಿಟ್ಟ. ಒಂಬತ್ತನೆಯ ದಿನ ತಮಿಳುನಾಡಿನ ಗಡಿಯ ಪಾಲಾರ್‌ನಲ್ಲಿ, ಹೊಳೆಯ ದಡದಲ್ಲಿ ಬರಿಗಾಲಲ್ಲಿ ಕೂತಿದ್ದ. ಅಲ್ಲಿನ ಟೀ ಅಂಗಡಿಯ ತಮಿಳು ಹೆಂಗಸೊಬ್ಬರು ಅವನಿಗೆ ಎರಡು ದಿನ ಊಟ ಹಾಕಿದ್ದರು.

ಊರಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುವ ಮನೋವೈದ್ಯರು ಕಾಯಿಲೆಯ ಹೆಸರು ಹೇಳಿ, ಮಾತ್ರೆ ಬರೆದುಕೊಟ್ಟು, ಚೆನ್ನಾಗಿದ್ದಾಗಲೂ ನಿಲ್ಲಿಸಬಾರದು ಎಂದಿದ್ದರು. ಅಮ್ಮ ನನಗೆ ಹೇಳಿದ್ದು ಅಷ್ಟು ಉದ್ದವಿರಲಿಲ್ಲ.

"ಈ ಸಲ ಅವ ಪಾಲಾರ್ ದಾಟ್ಬುಟ್ರೆ ನಾ ಎಲ್ಲೀಂತ ಉಡುಕ್ಲಿ? ಒಂದ್ ದಿನಾನೂ ತಪ್ಪುಸ್ಬೇಡ."

ನಾನು ತಪ್ಪಿಸಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಾವ ನನ್ನೆದುರಿಗೇ ಪಟ್ಟಿಯಿಂದ ಮಾತ್ರೆ ಒಡೆದುಕೊಂಡು, ಚೊಂಬು ಹಿಡಿದು ಮಗ್ಗದ ಕಡೆ ಹೋಗುತ್ತಿದ್ದ. ನೇಯ್ದ ಬಟ್ಟೆಗೆ ಧೂಳು ಕೂರದಂತೆ ಪಂಚೆ ಹೊದಿಸಿ ಬಂದು ಖಾಲಿ ಚೊಂಬು ಇಡುತ್ತಿದ್ದ.

"ಆಯ್ತು ಇನ್ಸ್‌ಪೆಕ್ಟ್ರಮ್ಮ, ಆಕೋ ನಿನ್ ಟಿಕ್ಕು."

ಹತ್ತು ಗುಳಿ ಖಾಲಿಯಾದ ಮೇಲೆ ಪಟ್ಟಿ ನನ್ನ ಡಬ್ಬಿಗೆ. ತಿಂಗಳ ಕೊನೆಗೆ ಪಟ್ಟಿ, ಟಿಕ್ ಎರಡೂ ತಾಳೆಯಾಗುತ್ತಿದ್ದವು. ನುಂಗುವವರೆಗೂ ದೊಡ್ಡವರ ಬಾಯಿ ನೋಡುತ್ತ ನಿಲ್ಲುವುದು ನನಗೆ ಸರಿ ಕಾಣಲಿಲ್ಲ. ನನ್ನ ಲೆಕ್ಕದ ಮೇಲೆ ಅಷ್ಟು ನಂಬಿಕೆಯೂ ಇತ್ತು.

ಆ ವರ್ಷ ಆಷಾಢ ಕಳೆಯುವ ಹೊತ್ತಿಗೆ ಮಾವನ ನೇಯ್ಗೆಗೆ ಕಳೆ ಬಂತು. ಹಾಸಿಗೆ ರೇಷ್ಮೆ ಕೊಟ್ಟು, ನೇಯ್ದ ಸೀರೆ ಕೊಳ್ಳುವ ಸಾಹುಕಾರರು ಬಂದು, ಬಟ್ಟೆಯನ್ನು ಬೆಳಕಿಗೆ ಹಿಡಿದು, "ಹಳೇ ಕೈ ವಾಪಸ್ ಬಂದದೆ ಕಣಯ್ಯ" ಎಂದರು. ಅಮ್ಮ ಅವತ್ತು ಪಾಯಸ ಮಾಡಿದಳು. ನಾನೂ ಪುಸ್ತಕದಲ್ಲಿ ಬರೆದೆ: "ಮಾತ್ರೆ ಕೆಲಸ ಮಾಡುತ್ತಿದೆ."

ಅಜ್ಜಿ ಮಾತ್ರ ಪಾಯಸ ಕುಡಿದು ಮಗ್ಗದ ಕಡೆಗೇ ಮುಖ ಮಾಡಿ ಕೂತಳು. ಅವಳ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಮಾರನೆಯ ದಿನ ಮಾವ ಸಾಹುಕಾರರ ಮನೆಗೆ ಹೋಗಿದ್ದಾಗ ಅವಳು ಮಗ್ಗದ ಪಕ್ಕ ಕೂತು, ಸುತ್ತಿದ್ದ ಬಟ್ಟೆಯನ್ನು ಬಿಡಿಸಿ, ಹಿಂಬದಿಯಲ್ಲಿ ಬೆರಳಾಡಿಸಿದಳು. ಆಮೇಲೆ ನನ್ನನ್ನು ಕರೆದಳು.

"ಕೈ ಇಡವ್ವ ಇಲ್ಲಿ. ಏನ್ ಸಿಕ್ತದೆ?"

"ಗಂಟು."

"ಇಲ್ಲಿ?"

"ಏನೂ ಇಲ್ಲ. ನಯವಾಗಿದೆ."

"ಅದೇ ನಾನೂ ಏಳಾದು."

ರೇಷ್ಮೆ ಎಳೆ ಹರಿದರೆ ನಮ್ಮವರು ಗಂಟು ಹಾಕುವುದಿಲ್ಲ. ಬೆರಳಿಗೆ ಬೂದಿ ಹಚ್ಚಿ, ಎರಡು ತುದಿ ಸೇರಿಸಿ ಹೊಸೆಯುತ್ತಾರೆ. ಸೇರಿದ ಜಾಗ ಕಣ್ಣಿಗೂ ಕೈಗೂ ಸಿಗುವುದಿಲ್ಲ. ಬೆರಳು ನಡುಗುವವರಿಗೆ ಅದು ಆಗದು, ಗಂಟೇ ಗತಿ. ಮಾತ್ರೆ ಶುರುವಾದಾಗಿನಿಂದ ಮಾವನ ಬೆರಳು ನಡುಗುತ್ತಿದ್ದುದು ಅಜ್ಜಿಗೆ ಬಟ್ಟೆಯಿಂದಲೇ ತಿಳಿದಿತ್ತು. ಈಗ ಕೊನೆಯ ಒಂದೂವರೆ ಸೀರೆಯುದ್ದಕ್ಕೂ ಗಂಟಿಲ್ಲ.

"ನಡುಕ ಓಯ್ತು ಅಂದ್ರೆ ಮಾತ್ರೇನೂ ಓಯ್ತು," ಎಂದಳು. "ನಿನ್ ಬುಕ್ಕು ಏನಾರ ಏಳ್ಲಿ."

ನನಗೆ ಸಿಟ್ಟು ಬಂತು. ಪುಸ್ತಕ, ಡಬ್ಬಿ ಎರಡನ್ನೂ ತಂದು ಅವಳ ಮುಂದಿಟ್ಟೆ. ಅವಳು ಪಟ್ಟಿಗಳ ಗುಳಿ ಮುಟ್ಟಿ ನೋಡಿ, "ಸಿಪ್ಪೆ ಎಣ್ಸಿದ್ದೀಯ, ಕಾಳೆಲ್ಲವ್ವ?" ಎಂದು ನಕ್ಕಳು.

ಮಾವ ಬಂದಾಗ ಅವಳೇ ಕೇಳಿದಳು, ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುವಷ್ಟು ಸಲೀಸಾಗಿ.

"ಎಲ್ಲಿಕ್ಕಿದ್ದೀಯಪ್ಪ?"

ಅವನು ಮಗ್ಗದ ಕುಣಿಗೆ ಇಳಿದು, ಕಾಲಲ್ಲಿ ತುಳಿಯುವ ಕಾಲುಮಣೆಯ ಹಿಂದಿನ ಗೋಡೆಯ ಸಂದಿನಿಂದ ಬಟ್ಟೆಚೂರಿನ ಗಂಟೊಂದನ್ನು ತೆಗೆದ. ಒಳಗಿದ್ದ ಮಾತ್ರೆಗಳನ್ನು ಅಜ್ಜಿ ಮಡಿಲಲ್ಲಿ ಹರವಿಕೊಂಡು ಎಣಿಸಿದಳು. ಮಾತೆಲ್ಲ ಕನ್ನಡವಾದರೂ ಎಣಿಕೆ ಅವಳಿಗೆ ತೆಲುಗಿನಲ್ಲೇ ಬರುತ್ತಿತ್ತು. ಒಕಟಿ, ರೆಂಡು, ಮೂಡು. ಹತ್ತೊಂಬತ್ತು. ನನ್ನ ಪುಸ್ತಕದಲ್ಲಿ ಹತ್ತೊಂಬತ್ತು ಕೆಂಪು ಟಿಕ್‌ಗಳು ಸುಳ್ಳಾದವು.

ಅಮ್ಮ ಬಾಗಿಲ ಬಳಿ ಹೋಗಿ ಅವನ ಚಪ್ಪಲಿ ತಂದು ಒಳಗಿಟ್ಟಳು.

"ಗಂಟ್ ಆಕವ್ನ ನೇಕಾರ ಅಂತಾರೇನಕ್ಕ?" ಎಂದ ಮಾವ. "ರಾತ್ರಿ ನಿದ್ದೆ ಮತ್ತೆ ಕಮ್ಮಿಯಾಯ್ತಾ ಅದೆ. ಗೊತ್ತು ನಂಗೆ. ಇನ್ನೊಂದ್ ಸೀರೆ ಮುಗುಸ್ಕಂಡು ತಕತೀನಿ ಅಂದ್ಕಂಡಿದ್ದೆ."

"ಡಾಕ್ಟ್ರು ಕೇಳುದ್ರಲ್ಲಾ, ಬ್ಯಾರೆ ಏನಾರ ತೊಂದ್ರೆನಾ ಅಂತ?"

"ಇಂದ್ಗಡೆ ನಮ್ ಬೀದಿಯವ್ರೇ ನಾಕ್ ಜನ ಕೂತಿದ್ರು. ಕೈ ನಡುಗ್ತದೆ ಅಂತ ಅವರ್ ಮುಂದೆ ಏಳ್ಳಾ?"

ಮುಂದಿನ ವಾರ ವೈದ್ಯರು ಬರುವ ದಿನ ಮಾವ ಜೇಬಿನಲ್ಲಿ ಎರಡು ತುಂಡು ರೇಷ್ಮೆ ಎಳೆಯನ್ನೂ ಒಂದು ಚಿಟಿಕೆ ಬೂದಿಯನ್ನೂ ಇಟ್ಟುಕೊಂಡು ನನ್ನ ಜೊತೆ ಆಸ್ಪತ್ರೆಗೆ ಬಂದ. ಮತ್ತೆ ಮಾತ್ರೆ ಶುರುಮಾಡಿ ಆರು ದಿನವಾಗಿತ್ತು, ಬೆರಳು ನಡುಗತೊಡಗಿತ್ತು. ಕೋಣೆಯ ಬಾಗಿಲು ಮುಚ್ಚಿಸಿ, ಮೇಜಿನ ಮೇಲೆ ಎಳೆ ಹೊಸೆದು ತೋರಿಸಲು ನೋಡಿದ. ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಕೈ ತೆಗೆದ.

"ಇಷ್ಟೇ ಸಾ ನನ್ ತೊಂದ್ರೆ."

ವೈದ್ಯರು ತಾವೂ ಒಮ್ಮೆ ಹೊಸೆಯಲು ನೋಡಿ, ಆಗದೆ ನಕ್ಕರು. ಮಾತ್ರೆಯ ಪ್ರಮಾಣ ಸ್ವಲ್ಪ ತಗ್ಗಿಸಿ, ನಡುಕಕ್ಕೆ ಇನ್ನೊಂದು ಚಿಕ್ಕ ಮಾತ್ರೆ ಬರೆದು, ಮುಂದಿನ ತಿಂಗಳು ಬರಹೇಳಿದರು. ಎರಡು ಸಲ ಬದಲಾಯಿಸಿದ ಮೇಲೆ ಹದ ಸಿಕ್ಕಿತು. ಪೂರ್ತಿ ಹಳೆಯ ಕೈ ಎನ್ನುವಂತಿರಲಿಲ್ಲ. ದಿನಕ್ಕೆ ಒಂದೆರಡು ಗಂಟು ಬೀಳುತ್ತಿತ್ತು. ಮಾವ ಅದನ್ನು ಒಪ್ಪಿಕೊಂಡ. ನಾನು ಪುಸ್ತಕದಲ್ಲಿ ದಿನದ ಗಂಟುಗಳ ಲೆಕ್ಕಕ್ಕೆ ಇನ್ನೊಂದು ಗೆರೆ ಎಳೆದು ಮೇಲೆ "ಕೈ" ಎಂದು ಬರೆದೆ. ಟಿಕ್ ಹಾಕುವ ಪೆನ್ನು ಅವನಿಗೇ ಕೊಟ್ಟೆ. ತಪ್ಪಿದ ದಿನ ಅವನು ಪ್ರಾಮಾಣಿಕವಾಗಿ ಸೊನ್ನೆ ಬರೆಯುತ್ತಿದ್ದ. ಮೊದಲ ವರ್ಷ ಒಟ್ಟು ಏಳು ಸೊನ್ನೆ.

ಈಗ ಇದೇ ನನ್ನ ಕೆಲಸ. ಹನೂರು, ಯಳಂದೂರು ಕಡೆಯ ಮನೆಗಳಿಗೆ ಹೋಗಿ, ಇಂಥ ಕಾಯಿಲೆಯವರು ಮಾತ್ರೆ ಬಿಡದಂತೆ ನೋಡಿಕೊಳ್ಳುವುದು. ಪಟ್ಟಿ ಎಣಿಸುತ್ತೇನೆ, ಚಟ ಹೋಗಿಲ್ಲ. ಆದರೆ ಅದಕ್ಕೂ ಮೊದಲು ಅವರು ಮಾಡುವ ಕೆಲಸ ಏನೆಂದು ಕೇಳುತ್ತೇನೆ. ಮಾಂಬಳ್ಳಿಯಲ್ಲೊಬ್ಬರು ನಸುಕಿಗೇ ಗದ್ದೆಗೆ ನೀರು ತಿರುಗಿಸಬೇಕು, ಮಾತ್ರೆಯ ಮಂಪರು ಬಿಡುತ್ತಿರಲಿಲ್ಲ. ಅದನ್ನು ಅವರು ಹೇಳಿದ್ದು ಗದ್ದೆಯ ಬದುವಿನ ಮೇಲೆ, ಮೂರನೆಯ ಭೇಟಿಯಲ್ಲಿ.

ಅಜ್ಜಿ ತೀರಿಕೊಂಡಿದ್ದಾಳೆ. ಅವತ್ತು ಮಗ್ಗದ ಮೇಲಿದ್ದ ಸೀರೆಯನ್ನು ಸಾಹುಕಾರರು ಒಪ್ಪಲಿಲ್ಲ; ಅರ್ಧ ನಯ, ಅರ್ಧ ಗಂಟು. ಅದು ಮನೆಯಲ್ಲೇ ಉಳಿದು ಈಗ ನನ್ನ ಪೆಟ್ಟಿಗೆಯಲ್ಲಿದೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ಹಿಂಬದಿಯಲ್ಲಿ ಬೆರಳಾಡಿಸುತ್ತೇನೆ. ನಯವಾದ ಭಾಗವನ್ನು ಈಗಲೂ ಬೇಗ ಬೇಗ ದಾಟುತ್ತೇನೆ. ಮೊದಲನೆಯ ಗಂಟು ಬೆರಳಿಗೆ ಸಿಗುತ್ತದೆ. ಒಳಗಡೆ ಮಾವನ ಮಗ್ಗ ಸದ್ದು ಮಾಡುತ್ತಿರುತ್ತದೆ.