ಎದುರಿಗೆ ಕೂತು ಹೆಣೆದ ಶಾಲು

ಆ ಬೂದು ಬಣ್ಣದ ಶಾಲಿನಲ್ಲಿರುವ ತಪ್ಪು ನನ್ನದು. ಹೆಣೆದ ಕೈ ರೇಣುಕಾಳದು, ತಪ್ಪು ನನ್ನದು. ಮೂರು ವರ್ಷ ಇದನ್ನು ಬಚ್ಚಿಟ್ಟಿದ್ದೆ — ಬಚ್ಚಿಟ್ಟಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ನಾಲ್ಕು ಊರುಗಳಲ್ಲಿ ಹೆಂಗಸರ ಮುಂದೆ ಅದೇ ಶಾಲನ್ನು ಎತ್ತಿ ಹಿಡಿದು, ತಪ್ಪಿನ ಮೇಲೆ ಬೆರಳಿಟ್ಟು, ‘ನೋಡ್ರಿ, ಎಡಗೈಲೆ ಹೆಣದ್ರ ಹಿಂಗ ಆಗ್ತೈತಿ’ ಎಂದು ಪಾಠ ಹೇಳಿದ್ದೇನೆ. ಮುಂಡಗೋಡ, ಜೋಯಿಡಾ, ಅದೇ ತಾಲೂಕಿನ ರಾಮನಗರ, ದಾಂಡೇಲಿ. ಎಲ್ಲವನ್ನೂ ಕ್ರಮವಾಗಿ ಬರೆದಿಡುವುದು ನನ್ನ ಅಭ್ಯಾಸ. ನಾಚಿಕೆಯನ್ನೂ ಕ್ರಮವಾಗಿಯೇ ಬರೆಯುತ್ತೇನೆ.

ನಾನು ಸವಿತಾ, ದಾಂಡೇಲಿಯವಳು. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದು ಇಲ್ಲೇ ನೆಲೆಯಾದವರು. ಶಾಲೆಯ ದಿನಗಳಿಂದಲೂ ದಿನಚರಿ ಬರೆಯುತ್ತೇನೆ: ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಸಾಲು ಹೆಣೆದೆ, ಯಾರಿಗೆ ಏನು ಹೇಳಿದೆ. ಡಿಗ್ರಿ ಮುಗಿದ ವರ್ಷ ಹಳಿಯಾಳದಲ್ಲಿ ಹೆಣಿಗೆಯ ಕಾರ್ಯಾಗಾರ ನಡೆಯಿತು. ಸ್ವೆಟರು, ಟೋಪಿ ಹೆಣೆಯಲು ಮೊದಲೇ ಬರುವವರಿಗೆ ಮಾತ್ರ ಪ್ರವೇಶ. ಹಗ್ಗದಂತೆ ತಿರುಚಿಕೊಂಡು ಏರುವ ಹೆಣಿಗೆ, ಜಾಲರಿ ಹೆಣಿಗೆ, ಎರಡು ತುಂಡುಗಳನ್ನು ಗೆರೆ ಕಾಣದಂತೆ ಕೂಡಿಸುವುದು — ಇಂಥ ಕಷ್ಟದ ಕೆಲಸಗಳನ್ನು ಕಲಿಸಲು ಬೆಳಗಾವಿಯಿಂದ ಒಬ್ಬರು ಬಂದಿದ್ದರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ಅವರನ್ನು ನಾವೆಲ್ಲ ಬಾಯಿಯವರು ಎನ್ನುತ್ತಿದ್ದೆವು. ಕೊನೆಯಲ್ಲಿ ಪ್ರತಿಯೊಬ್ಬಳೂ ಒಂದು ಶಾಲು ಹೆಣೆಯಬೇಕು. ಯಾರದು ಚೆನ್ನಾಗಿದೆಯೋ ಅವಳು ಮುಂದಿನ ಕಾರ್ಯಾಗಾರಗಳಲ್ಲಿ ಬಾಯಿಯವರ ಜೊತೆ ಕಲಿಸಲು ಹೋಗಬೇಕು. ಒಬ್ಬಳೇ.

ರೇಣುಕಾ ಮಳಗಿಯಿಂದ ಬಂದಿದ್ದಳು. ಹಳಿಯಾಳದಲ್ಲಿ ಅವಳ ಚಿಗವ್ವನ — ಚಿಕ್ಕಮ್ಮನ — ಮನೆ, ಅಲ್ಲೇ ಇದ್ದು ಕಲಿಯುತ್ತಿದ್ದಳು. ಅವಳು ಎಡಗೈಯವಳು. ನಮ್ಮ ಕಡೆ ಅಂಥವಳನ್ನು ರೊಡ್ಡಿ ಅನ್ನುತ್ತಾರೆ, ಮುಖದ ಮುಂದೆಯೇ.

ಮೊದಲ ದಿನವೇ ಬಾಯಿಯವರು ಅವಳ ಮುಂದೆ ನಿಂತು, ‘ಯವ್ವಾ, ಆ ಕೈ ಬ್ಯಾಡ. ಈ ಕೈಯಾಗ ಹಿಡಿ’ ಎಂದರು. ಅವಳು ಹಿಡಿದಳು. ಕುಣಿಕೆಗಳು ಒಂದರ ಹಿಂದೊಂದು ಕಡ್ಡಿಯಿಂದ ಜಾರಿದವು. ಹಿಂದಿನ ಸಾಲಿನಿಂದ ಯಾರೋ, ‘ಹಾಲ ಕುಡಿಯೂ ಕೂಸಿಗೆ ಕೋಡಬಳಿ ಕೊಟ್ಟಂಗಾತು’ ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನನಗೆ ಸಿಟ್ಟು ಬಂತು.

ಈ ಸಿಟ್ಟಿನ ವಿಷಯ ಮುಂದೆ ಬರುತ್ತದೆ. ಅದು ಆಗ ನಿಜವಾದದ್ದೇ ಆಗಿತ್ತು — ಹಾಗೆಂದು ನಂಬಿದ್ದೇನೆ.

ಮರುದಿನ ನಾನು ನನ್ನ ಕುರ್ಚಿಯನ್ನು ತಿರುಗಿಸಿ ಅವಳ ಎದುರಿಗೆ ಇಟ್ಟುಕೊಂಡೆ. ‘ಕನ್ನಡಿ ಮುಂದ ಕುಂತೇನಿ ಅಂತ ತಿಳಕೋ. ನನ್ನ ಬಲಗೈ ಏನ್ ಮಾಡ್ತೈತಿ, ಅದನ್ನ ನಿನ್ನ ಎಡಗೈ ಮಾಡ್ಲಿ’ ಎಂದೆ. ಪಕ್ಕದಲ್ಲಿ ಕೂತರೆ ಎಡಗೈಯವರಿಗೆ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆ. ಎದುರಿಗೆ ಕೂತರೆ ಸರಿಹೋಗುತ್ತದೆ. ಅಷ್ಟೇ ಉಪಾಯ. ಅವಳ ಕೈ ಅಂದೇ ಓಡತೊಡಗಿತು.

‘ಏನ್ರೇ ಇದು, ಮದಿಮಕ್ಕಳಂಗ ಎದರಾಬದರಾ ಕುಂತೀರಿ? ನಡಬರಕ ಅಂತರಪಟಾ ಹಿಡೀಬೇಕೇನು?’ ಎಂದು ಹಿಂದಿನ ಸಾಲಿನವರು ಕಾಡಿದರು.

‘ಹಿಡೀರಿ, ಅಕ್ಕಿಕಾಳೂ ನೀವ ತರ್ರಿ’ ಎಂದಳು ರೇಣುಕಾ.

ಒಂದು ದಿನ ಬುತ್ತಿ ಬಿಚ್ಚಿದಾಗ ಅವಳು ತನ್ನ ಕೈಯ ಕಥೆ ಹೇಳಿದಳು. ಹುಡುಗಿ ನೋಡಲು ಬಂದವರಿಗೆ ಮರೆತು ಎಡಗೈಯಿಂದ ಚಹಾದ ಕಪ್ಪು ಕೊಟ್ಟಿದ್ದಳು. ಕಪ್ಪನ್ನು ಮುಟ್ಟದೆ ಎದ್ದು ಹೋದರು. ಮದುವೆಮನೆಯಲ್ಲಿ ಯಾರೂ ಅವಳಿಗೆ ಬಡಿಸಲು ಬಿಡುವುದಿಲ್ಲ. ಇದನ್ನೆಲ್ಲ ನಗುನಗುತ್ತಲೇ ಹೇಳಿ, ರೊಟ್ಟಿ ಮುರಿಯುತ್ತ, ‘ಈ ಕೈ ಮಾಡಿದ್ದನ್ನ ಒಮ್ಮ್ಯಾರ ಯಾರರ ಎತ್ತಿ ಹಿಡದು ಚಲೋ ಐತಿ ಅನ್ಲಿ ಸವಿ. ಅಷ್ಟ ಸಾಕು ನನಗ’ ಎಂದಳು.

ಎತ್ತಿ ಹಿಡಿದು — ಅವಳ ಮಾತು ಅದೇ ಆಗಿತ್ತು.

ಶಾಲಿನ ನಮೂನೆ ಹೀಗಿತ್ತು: ಎರಡು ಹಗ್ಗಗಳು ಎರಡು ಅಂಚುಗಳಿಂದ ತಿರುಚಿಕೊಳ್ಳುತ್ತ ಏರಿ ನಡುವೆ ಕೂಡುತ್ತವೆ. ಪ್ರತಿ ತಿರುವಿನಲ್ಲಿ ಮೂರು ಕುಣಿಕೆಗಳನ್ನು ಒಂದು ಗಿಡ್ಡ ಕಡ್ಡಿಗೆ ಏರಿಸಿ ಮುಂದಕ್ಕೆ ಹಿಡಿಯಬೇಕು, ಅದರ ಆಚೆಯ ಮೂರನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆಯಬೇಕು. ಮುಂದಕ್ಕೆ ಹಿಡಿದರೆ ಹಗ್ಗ ಒಂದು ಕಡೆ ತಿರುಗುತ್ತದೆ, ಹಿಂದಕ್ಕೆ ಹಿಡಿದರೆ ಇನ್ನೊಂದು ಕಡೆ. ಹೆಣೆಯುವಾಗ ವ್ಯತ್ಯಾಸ ತಿಳಿಯುವುದಿಲ್ಲ. ಕೆಲವು ಸಾಲು ಮೇಲೇರಿದ ನಂತರ ಕಣ್ಣಿಗೆ ಬೀಳುತ್ತದೆ.

ಕೊನೆಯ ಶನಿವಾರ ಸಂಜೆ ದಾಂಡೇಲಿಯ ಬಸ್ಸಿನ ಹೊತ್ತಾಗಿತ್ತು. ನನ್ನ ಗಮನ ಗಡಿಯಾರದ ಮೇಲಿತ್ತು. ಕೊನೆಯ ತಿರುವಿನಲ್ಲಿ ಗಿಡ್ಡ ಕಡ್ಡಿಯನ್ನು ಹಿಂದಕ್ಕೆ ಹಿಡಿದೆ. ರೇಣುಕಾ ತಡೆದು, ‘ಹಿಂದಕ್ಕೇನು?’ ಎಂದು ಕೇಳಿದಳು.

‘ಹೂಂ, ಹಿಂದಕ್ಕ’ ಎಂದೆ, ತಲೆ ಎತ್ತದೆ.

ಅವಳೂ ಹಿಂದಕ್ಕೆ ಹಿಡಿದಳು.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಉಳಿದ ಸಾಲುಗಳನ್ನು — ಹಗ್ಗವಿಲ್ಲದ ಬರಿಯ ಅಂಚಿನ ಸಾಲುಗಳು — ಹೆಣೆಯುತ್ತ, ಶಾಲನ್ನು ಮಂಚದ ಮೇಲೆ ಹರಡಿದೆ. ತಕ್ಷಣ ಕಂಡಿತು. ಆರು ಕುಣಿಕೆಗಳನ್ನು ಮಾತ್ರ ಕಡ್ಡಿಯಿಂದ ಬಿಟ್ಟು, ಆ ತಿರುವಿನವರೆಗೆ ಏಣಿಯಂತೆ ಇಳಿಸಿ, ಸರಿಯಾಗಿ ತಿರುಗಿಸಿ, ಕ್ರೋಷಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಮೇಲೆತ್ತಿದೆ. ಬಾಯಿಯವರೇ ಕಲಿಸಿದ ರಿಪೇರಿ. ಅವ್ವ ಎರಡು ಸಲ ಊಟಕ್ಕೆ ಕರೆದಳು. ಫೋನು ಪಕ್ಕದಲ್ಲೇ ಇತ್ತು. ರೇಣುಕಾಳ ನಂಬರು ಅದರಲ್ಲಿತ್ತು. ಅವಳ ಚಿಗವ್ವನ ಮನೆಯಲ್ಲಿ ಅದೇ ಹೊತ್ತಿಗೆ ಅವಳೂ ಶಾಲು ಮುಗಿಸುತ್ತಿದ್ದಳು. ಒಂದು ಮಾತು ಸಾಕಿತ್ತು — ‘ಕೊನೀ ತಿರುವು ನೋಡ್ಕೋ.’

ಹೇಳಲಿಲ್ಲ. ಮರೆತಿರಲಿಲ್ಲ. ಕಲಿಸಲು ಹೋಗುವವಳು ಒಬ್ಬಳೇ ಎಂಬುದು ನೆನಪಿತ್ತು. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟೇ: ಶಾಲು ಮುಗಿಯಿತು.

ಸೋಮವಾರ ಬಾಯಿಯವರು ಶಾಲುಗಳನ್ನು ಮೇಜಿನ ಮೇಲೆ ಹರಡಿ ನೋಡಿದರು. ಒಬ್ಬಳದರಲ್ಲಿ ಕುಣಿಕೆ ಬಿಟ್ಟುಹೋಗಿತ್ತು, ಒಬ್ಬಳದು ಒಂದು ಕಡೆ ಎಳೆದುಕೊಂಡಿತ್ತು; ‘ಮುಂದ ಸುಧಾರಿಸ್ತೀರಿ’ ಎಂದರು. ರೇಣುಕಾಳ ಶಾಲಿನ ಮೇಲೆ ಅವರ ಕೈ ಬಹಳ ಹೊತ್ತು ಆಡಿತು. ಅಷ್ಟು ಒಂದೇ ಸಮನಾದ ಹೆಣಿಗೆ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ — ನನ್ನದೂ ಇರಲಿಲ್ಲ. ಆಮೇಲೆ ಕೈ ಕೊನೆಯ ತಿರುವಿಗೆ ಬಂದು ನಿಂತಿತು.

‘ನೋಡಿದ್ರ್ಯಾ? ನಾ ಮೊದ್ಲ ದಿನಾನ ಹೇಳಿದ್ದೆ. ಎಡಗೈ ಎಲ್ಲೋ ಒಂದ್ ಕಡೆ ತನ್ನ ಗುಣಾ ತೋರಿಸೇ ತೋರಿಸ್ತೈತಿ.’

ನಾನು ಎದ್ದು ನಿಂತೆ. ಹೌದು, ನಾನೇ. ‘ಇದು ಸರಿ ಅಲ್ರೀ ಬಾಯಿ! ಕುಣಿಕಿ ಬಿಟ್ಟವರಿಗೆ ಬಲಗೈ ತಪ್ಪು ಅಂದ್ರೇನು? ಅಕಿಗೆ ಮಾತ್ರ ಯಾಕ ಕೈ ಎಣಸ್ತೀರಿ?’ ನಾನು ಆಡಿದ ಪ್ರತಿ ಮಾತೂ ನ್ಯಾಯದ್ದೇ — ಇವತ್ತೂ ಅದರಲ್ಲಿ ಒಂದು ಅಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಬಲಗೈ ಮಾಡಿದ ತಪ್ಪು ಒಬ್ಬಳ ತಪ್ಪು, ಎಡಗೈ ಮಾಡಿದ ತಪ್ಪು ಕೈಯದೇ ತಪ್ಪು — ಇದ್ಯಾವ ಲೆಕ್ಕ? ಯಾರು ಬರೆದ ಲೆಕ್ಕ? ಚಹಾ ಕೊಟ್ಟ ಕೈ ಯಾವುದೆಂದು ನೋಡಿ ಎದ್ದು ಹೋಗುವವರ ನಾಲಿಗೆಗೆ ಬಿಸಿ ಚಹಾ ಬಿದ್ದಿದ್ದರೆ ಚೆನ್ನಾಗಿತ್ತು.

ಆದರೆ ಅಷ್ಟೆಲ್ಲ ಕೂಗಿದವಳು ಹೇಳಬೇಕಾಗಿದ್ದ ಒಂದೇ ಒಂದು ಮಾತನ್ನು ಹೇಳಲಿಲ್ಲ. ಹಿಂದಕ್ಕೆ ಅಂದವಳು ನಾನು, ರಾತ್ರೋರಾತ್ರಿ ಅಲ್ಲ, ಹಾಡಹಗಲೇ ನನ್ನದನ್ನು ತಿದ್ದಿಕೊಂಡವಳು ನಾನು — ಅದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಕೂಗಿದೆ. ಸಿಟ್ಟು ನಿಜ, ಅದರ ಮರೆಯಲ್ಲಿ ನಿಂತದ್ದೂ ನಿಜ.

ಬಾಯಿಯವರು ಕೋಪಗೊಳ್ಳಲಿಲ್ಲ. ‘ಧೈರ್ಯದ ಹುಡುಗಿ’ ಎಂದು ನನ್ನನ್ನೇ ಆರಿಸಿದರು. ನಾನು ಒಪ್ಪಿಕೊಂಡೆ.

ಬಸ್‌ಸ್ಟ್ಯಾಂಡಿನವರೆಗೆ ರೇಣುಕಾ ನನ್ನ ಜೊತೆ ಬಂದಳು. ನಾನು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ — ಬಾಯಿಯವರನ್ನು, ನಕ್ಕವರನ್ನು, ಊರನ್ನು. ಅವಳೇ ನನ್ನನ್ನು ಸಮಾಧಾನ ಮಾಡಿದಳು: ‘ಇರ್ಲಿ ಬಿಡ ಸವಿ. ನನ್ನ ಸಲುವಾಗಿ ಇಷ್ಟ ಮಾತಾಡಿದ್ಯಲ್ಲ, ಯಾರೂ ಮಾತಾಡಿದ್ದಿಲ್ಲ.’ ಬಸ್ಸಿನ ಕಿಟಕಿಯಿಂದ ಚುರುಮುರಿಯ ಪೊಟ್ಟಣ ಕೊಟ್ಟಳು. ಬಲಗೈಯಿಂದ ಕೊಟ್ಟಳು. ನಾನು ತೆಗೆದುಕೊಂಡು ತಿಂದೆ.

ದಾರ ಕಾರ್ಯಾಗಾರದ್ದಾದ್ದರಿಂದ ಶಾಲುಗಳು ಅಲ್ಲೇ ಉಳಿದವು. ಬಾಯಿಯವರು ಅವುಗಳಲ್ಲಿ ಎರಡನ್ನು ಮಾದರಿಗೆಂದು ಒಂದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ಒಳ್ಳೆಯ ಹೆಣಿಗೆಗೆ ನನ್ನದು. ತಪ್ಪಿಗೆ ರೇಣುಕಾಳದು. ಪ್ರತಿ ಊರಿನಲ್ಲೂ ಎರಡನೆಯ ದಿನ ಎರಡೂ ಶಾಲುಗಳನ್ನು ಎತ್ತಿ ಹಿಡಿಯುವುದು ನನ್ನ ಕೆಲಸ. ಮುಂಡಗೋಡದಲ್ಲಿ ಮೊದಲ ಸಲ ಹಿಡಿದಾಗ ಕೈ ಬೆವರಿತು. ಮಳಗಿ ಅಲ್ಲಿಂದ ದೂರವಿಲ್ಲ; ಅವಳು ಬಾಗಿಲಲ್ಲಿ ನಿಂತಿರಬಹುದೆಂದು ಮತ್ತೆಮತ್ತೆ ನೋಡಿದೆ. ಜೋಯಿಡಾದಲ್ಲಿ ಕೈ ಬೆವರಲಿಲ್ಲ. ರಾಮನಗರದ ಹೊತ್ತಿಗೆ ಬಾಯಿಯವರ ಮಾತು ನನ್ನ ಮಾತೇ ಆಗಿತ್ತು. ನಡುವೆ ಒಂದು ನಗೆಯ ಮಾತನ್ನೂ ಸೇರಿಸಿಕೊಂಡಿದ್ದೆ.

ಈ ವರ್ಷ ದಾಂಡೇಲಿಯಲ್ಲಿ, ನಮ್ಮ ಮನೆಯಿಂದ ನಡೆದುಹೋಗುವಷ್ಟೇ ದೂರದಲ್ಲಿ, ನಾಲ್ಕನೆಯ ಸಲ ಎತ್ತಿ ಹಿಡಿದೆ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎಡಗೈಯಲ್ಲಿ ಕಡ್ಡಿ ಹಿಡಿದು ಕೂತಿದ್ದಳು. ನಾನು ಮಾತು ಮುಗಿಸುವ ಮೊದಲೇ, ಯಾರೂ ಏನೂ ಹೇಳದಿದ್ದರೂ, ಅವಳು ಕಡ್ಡಿಯನ್ನು ಬಲಗೈಗೆ ಬದಲಾಯಿಸಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಗ ಬಂದ ಸಿಟ್ಟು ಬೈಯಲು ಯಾರನ್ನೂ ಹುಡುಕಲಿಲ್ಲ. ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ಮುಂದಿನ ಭಾನುವಾರ ಅದೇ ಮಂಚದ ಮೇಲೆ ನನ್ನ ಶಾಲನ್ನು ಹರಡಿದೆ. ಮೂರು ವರ್ಷದ ಹಿಂದೆ ರಿಪೇರಿ ಮಾಡಿದ ಜಾಗ ಗೊತ್ತಿದ್ದವರ ಬೆರಳಿಗೆ ಸಿಗುತ್ತದೆ, ಅಲ್ಲಿ ಕುಣಿಕೆಗಳು ತುಸು ಸಡಿಲ. ಮುಚ್ಚಿದ ಅಂಚನ್ನು ಬಿಚ್ಚಿದೆ. ಅವೇ ಆರು ಕುಣಿಕೆಗಳನ್ನು ಇಳಿಸಿ, ತಿರುವನ್ನು ಮೊದಲಿದ್ದಂತೆ — ತಪ್ಪಾಗಿ — ತಿರುಗಿಸಿ, ಮತ್ತೆ ಮೇಲೆತ್ತಿ ಅಂಚು ಮುಚ್ಚಿದೆ. ‘ಚಲೋ ಇದ್ದದ್ದನ್ನ ಯಾಕ ಕೆಡಸ್ತಿ?’ ಎಂದು ಅವ್ವ ಕೇಳಿದಳು. ಚೆನ್ನಾಗಿರಲಿಲ್ಲ ಎಂದೆ.

ಎರಡೂ ಶಾಲುಗಳನ್ನು ಚೀಲಕ್ಕೆ ಹಾಕಿಕೊಂಡು ಮಳಗಿಗೆ ಹೋದೆ. ರೇಣುಕಾ ಮನೆಯ ಮುಂದೆ ಗೋವಿನಜೋಳ ಬಿಡಿಸುತ್ತಿದ್ದಳು. ‘ಯವ್ವಾ, ಟೀಚರಬಾಯಿ ಬಂದ್ರು!’ ಎಂದು ನಕ್ಕು ಎದ್ದಳು. ಹೆಣಿಗೆ ಮಾಡುತ್ತೀಯಾ ಎಂದು ಕೇಳಿದೆ. ಕಡ್ಡಿಗಳನ್ನು ಚಿಗವ್ವನ ಮಗಳಿಗೆ ಕೊಟ್ಟುಬಿಟ್ಟಿದ್ದಳು. ನಾನು ಶಾಲುಗಳನ್ನು ಚಾಪೆಯ ಮೇಲೆ ಎದುರುಬದುರಾಗಿ ಹರಡಿದೆ. ಅವಳ ಎಡಗೈ ತನ್ನ ಶಾಲಿನ ಕೊನೆಯ ತಿರುವಿಗೆ ಹೋಯಿತು. ಆಮೇಲೆ ನನ್ನ ಶಾಲಿನ ಕೊನೆಯ ತಿರುವಿಗೆ. ಅಲ್ಲೇ ನಿಂತಿತು.

ಆಗ ಹೇಳಿದೆ. ಶನಿವಾರದ್ದು, ಭಾನುವಾರದ್ದು, ನಾಲ್ಕು ಊರಿನದ್ದು. ಏನನ್ನೂ ಬಿಡಲಿಲ್ಲ.

ಅವಳು ಎರಡೂ ತಿರುವುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಆಮೇಲೆ ಹೇಳಿದಳು: ‘ನಾ ಕೇಳಿದ್ದೆ. ಹಿಂದಕ್ಕೇನು ಅಂತ ಕೇಳಿದ್ದೆ. ನೀ ಹೂಂ ಅಂದಿದ್ದಿ. ಖರೆ, ಸೋಮವಾರ ನಿನ್ನ ಶಾಲು ಸರಿ ಇತ್ತಲ್ಲ — ಹಂಗಾರ ನಾ ಕೇಳಿದ್ದ ಸುಳ್ಳ ಇರಬೇಕು, ನಾನ ಏನೋ ಕಲ್ಪನಾ ಮಾಡ್ಕೊಂಡೇನಿ ಅಂತ ತಿಳಕೊಂಡೆ. ಮೂರು ವರ್ಷಾತು, ನನ್ನ ಕೈಯನ್ನೂ ನಂಬಿಲ್ಲ, ನನ್ನ ಕಿವೀನೂ ನಂಬಿಲ್ಲ.’

‘ರೇಣು, ನಾ ಅವತ್ತು ಬಾಯಿಯವರ ಜೋಡಿ ಜಗಳಾ ಮಾಡಿದ್ದು ಮಾತ್ರ —’

‘ಅದನ್ನ ಹೇಳಬ್ಯಾಡ’ ಎಂದಳು. ಅವಳ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ‘ಅವತ್ತು ಸಿಟ್ಟಿಗೇಳೂ ಪಾಳಿ ನಂದಿತ್ತು. ಅದನ್ನೂ ನೀನ ತಗೊಂಡಿ.’

ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅವಳು ಶಾಲುಗಳನ್ನು ಮಡಿಸಿ ಚೀಲಕ್ಕೆ ಹಾಕಿದಳು. ‘ನಿಂದು ನೀನ ಒಯ್ಯಿ, ನಂದೂ ಒಯ್ಯಿ’ ಎಂದಳು. ‘ನನ್ನ ಮುಂದ ಹೇಳಿದ್ರ ಏನ್ ಬಂತು? ನನಗ ಮೊದಲ ಗೊತ್ತಿತ್ತು, ನೀ ಅದನ್ನ ಸುಳ್ಳ ಮಾಡಿದ್ದಿ. ಎಲ್ಲಿ ಎತ್ತಿ ಹಿಡದಿದ್ಯೋ ಅಲ್ಲಿ ಹೇಳು.’

ಚಹಾ ಕೊಟ್ಟಳು. ಎಡಗೈಯಿಂದ ಕೊಟ್ಟಳು, ನನ್ನ ಮುಖವನ್ನು ನೋಡುತ್ತ. ಮರೆತು ಕೊಟ್ಟದ್ದಲ್ಲ.

ಮುಂದಿನ ಕಾರ್ಯಾಗಾರ ಹಳಿಯಾಳದಲ್ಲಿ, ಅದೇ ಕೋಣೆಯಲ್ಲಿ. ಬಾಯಿಯವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದೇನೆ. ‘ಆದದ್ದಾತು, ಮಂದೀ ಮುಂದ ಯಾಕ?’ ಎಂದರು. ಮಂದಿಯ ಮುಂದೆಯೇ ಎಂದೆ. ಆಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಶಾಲು ಎತ್ತಿ ಹಿಡಿದ ನಾಲ್ಕು ಊರುಗಳಿಗೂ ಹೋಗಬೇಕು. ಆ ಹೆಂಗಸರನ್ನು ಹೇಗೆ ಮತ್ತೆ ಕೂಡಿಸುವುದೋ ಇನ್ನೂ ತಿಳಿದಿಲ್ಲ. ದಾಂಡೇಲಿಯ ಆ ಹೆಂಗಸಿನ ಮನೆ ಮಾತ್ರ ಗೊತ್ತಾಗಿದೆ. ನಾಳೆ ಅಲ್ಲಿಗೆ ಹೋಗಿ ಅವಳ ಎದುರಿಗೆ ಕೂರುತ್ತೇನೆ.

ಚೀಲ ಬಾಗಿಲ ಮೊಳೆಗೆ ತೂಗುತ್ತಿದೆ. ಅದರೊಳಗೆ ಈಗ ಒಳ್ಳೆಯ ಮಾದರಿ ಇಲ್ಲ. ಎರಡು ಶಾಲುಗಳಿವೆ, ಎರಡರಲ್ಲೂ ಒಂದೇ ತಪ್ಪಿದೆ. ಹಳಿಯಾಳದಲ್ಲಿ ಎರಡನ್ನೂ ಎತ್ತಿ ಹಿಡಿಯುತ್ತೇನೆ, ಬೆರಳನ್ನು ನನ್ನದರ ಮೇಲೆ ಇಡುತ್ತೇನೆ. ಆಮೇಲೆ ಇನ್ನೊಂದನ್ನು ತೋರಿಸಿ, ಇದನ್ನು ಹೆಣೆದ ಕೈ ಚಲೋ ಐತಿ ಎನ್ನುತ್ತೇನೆ — ಅವಳು ಕೇಳುವಂತೆ ಹೇಳಬೇಕಾಗಿದ್ದ ಮಾತು, ಅವಳಿಲ್ಲದ ಕೋಣೆಯಲ್ಲಿ.