ಬೆಲ್ಲದ ಮಂಡಿಗೊಂದು ಹಗ್ಗ

ಕಳೆದ ಭಾನುವಾರ ನನ್ನ ಮಗನ ಮ್ಯಾನೇಜರರ ಹೆಂಡತಿಯ ಬಳೆ ಕೇಳಿದೆ. ಕೊಡಲಿಲ್ಲ. ಕೊಡುತ್ತಾರೆ ಅಂತ ಕೇಳಿದ್ದೂ ಅಲ್ಲ ಬಿಡಿ.

ನನ್ನ ಸೊಸೆ ಸುಮಾಗೆ ಪ್ಲಾಸ್ಟಿಕ್ ಇಟ್ಟಿಗೆಯ ಹುಚ್ಚು. ಮಕ್ಕಳು ಒಂದರ ಮೇಲೊಂದು ಒತ್ತಿ ಆಡುತ್ತವಲ್ಲ, ಅದೇ. ಆಸ್ಪತ್ರೆಯ ಲ್ಯಾಬ್‌ನಿಂದ ಬಂದು ಕೈಕಾಲು ತೊಳೆದಳೆಂದರೆ ಇಟ್ಟಿಗೆ ಹಿಡಿದಳು ಅಂತಲೇ ಲೆಕ್ಕ. ಬೇರೆಯವರು ಸೀರಿಯಲ್ ನೋಡಿ ಅಳುತ್ತಾರೆ. ಇದರಲ್ಲಿ ಸದ್ದಾದರೂ ಕಮ್ಮಿ. (ಬರಿಗಾಲಲ್ಲಿ ಅದನ್ನು ತುಳಿದವರ ಸದ್ದು ಬಿಟ್ಟರೆ.)

ಡಬ್ಬದ ಮೇಲಿನ ಚಿತ್ರ ನೋಡಿ ಕಟ್ಟುವುದು ಅವಳಿಗೆ ಸೇರದು. ಸ್ವಂತದ್ದೇ ಆಗಬೇಕು. ಈ ಸಲ ನಮ್ಮೂರ ಹತ್ತಿರದ ಅನಕಾಪಲ್ಲಿಯ ಬೆಲ್ಲದ ಮಂಡಿ. ಕಂದು ಬಣ್ಣದ ಬೆಲ್ಲದ ಸಾಲು, ತಕ್ಕಡಿ, ಮೂಟೆ ಹೊತ್ತ ಹಮಾಲಿ, ನೆರಳಲ್ಲಿ ಬಿದ್ದುಕೊಂಡ ನಾಯಿ. ಕಟ್ಟಿದಳು, ಕೆಡವಿದಳು, ಮಳೆಗಾಲವೆಲ್ಲ ಇದೇ.

"ಇದನ್ನ ನೆಕ್ಕಿದ್ರೆ ಸಿಹಿ ಬರುತ್ತೇನೇ?" ಅಂತ ಕೇಳಿದ್ದೆ.

"ನೀವು ಸುಮ್ನಿದ್ರೆ ಅದೇ ಸಿಹಿ ಅತ್ತೆ," ಅಂದಿದ್ದಳು. ನಮ್ಮಿಬ್ಬರದು ಹೀಗೇ.

ಶನಿವಾರ ವಿಜಯವಾಡದಲ್ಲಿ ಇಂಥ ಹುಚ್ಚರದೇ ಪ್ರದರ್ಶನ. ಅವಳಿಗೂ ಒಂದು ಟೇಬಲ್ ಸಿಕ್ಕಿತ್ತು. ಅಷ್ಟರಲ್ಲಿ ಆ ಭಾನುವಾರ, ತೆಲುಗು ಸೀಮೆಯ ಪೆಂಡುರ್ತಿಯಲ್ಲಿರುವ ನಮ್ಮ ಮನೆಗೆ ಮ್ಯಾನೇಜರ್ ಬಂದರು, ಹೆಂಡತಿ, ಮೊಮ್ಮಗಳ ಸಮೇತ. ಬ್ಯಾಂಕಿನಲ್ಲಿ ಮಗನ ಟ್ರಾನ್ಸ್‌ಫರ್‌ಗೆ ಶಿಫಾರಸು ಮಾಡಬೇಕಾದವರು ಅವರೇ. ಬಳ್ಳಾರಿಯಲ್ಲಿದ್ದು ಬಂದವರು, ಗಂಡ ಹೆಂಡತಿ ಇಬ್ಬರಿಗೂ ಕನ್ನಡ ಗೊತ್ತು.

ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ಮೊಮ್ಮಗಳು ಹಟ ಹಿಡಿದಳು. ಇಡೀ ಬೆಲ್ಲದ ಮಂಡಿ ಮನೆಗೆ ಬೇಕಂತೆ.

"ಚಿನ್ನ ಪಿಲ್ಲ ಕದಂಡಿ," ಎಂದರು ಮಗುವಿನ ಅಜ್ಜಿ. ಸಣ್ಣ ಮಗು ಅಲ್ಲವೇ, ಅಂತ. ಯಾವ ಭಾಷೆಯಲ್ಲಿ ಹೇಳಿದರೂ ಇದರ ಅರ್ಥ ಒಂದೇ: ಕೊಟ್ಟು ಕಳಿಸಿ.

ನನ್ನ ಮಗ ಆಗಲೇ ಎದ್ದಿದ್ದ. "ತಗೊಂಡ್ ಹೋಗ್ಲಿ ಸಾರ್. ಆಟದ ಸಾಮಾನು ತಾನೆ, ಇವಳು ಇನ್ನೊಂದು ಕಟ್ತಾಳೆ." ಮಂಡಿ ಕೂತಿದ್ದ ಹಲಗೆಯ ಕೆಳಗೆ ಎರಡೂ ಕೈ ಹಾಕಿಬಿಟ್ಟಿದ್ದ.

ಸುಮಾ ಕಾಫಿ ಹಿಡಿದು ನಿಂತಿದ್ದಳು. ಬಾಯಿ ತೆರೆದರೆ ಗಂಡನ ಮರ್ಯಾದೆ ಹೋಗುತ್ತದಲ್ಲ. (ಅವಳ ಮಳೆಗಾಲ ಹೋದರೆ ಯಾರಿಗೇನು?)

ನನಗೆ ಯಾವ ಮ್ಯಾನೇಜರು? "ಕೈ ತೆಗಿಯೋ," ಅಂದೆ ಮಗನಿಗೆ. ಆಮೇಲೆ ಆಕೆಯ ಕಡೆ ತಿರುಗಿ, "ನಿಮ್ಮ ಬಳೆ ಚೆನ್ನಾಗಿವೆ ಕಣಮ್ಮ. ನಾನೂ ನೆಲದ ಮೇಲೆ ಬಿದ್ದು ಒದ್ದಾಡಿದ್ರೆ ಬಿಚ್ಚಿ ಕೊಡ್ತೀರಾ?"

"ಅಮ್ಮಗಾರು ಭಲೇ ತಮಾಷೆ," ಎಂದು ಮ್ಯಾನೇಜರ್ ನಕ್ಕರು. ನಾನು ನಗಲಿಲ್ಲ. ಆಕೆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಮಗುವಿಗೆ ಚಕ್ಕುಲಿ ಕೊಟ್ಟೆ. ಎರಡನೆಯದು ಮುಗಿಯುವಷ್ಟರಲ್ಲಿ ಅದು ಎಲ್ಲ ಮರೆತಿತ್ತು. ದೊಡ್ಡವರೇ ಮುಖ ಊದಿಸಿಕೊಂಡು ಹೋದದ್ದು.

"ನನ್ನ ಟ್ರಾನ್ಸ್‌ಫರ್‌ಗೆ ಕಲ್ಲು ಹಾಕ್ದೆ ಕಣಮ್ಮ," ಎಂದ ಮಗ.

"ಬೇಕಿದ್ರೆ ನಿನ್ ಬೈಕ್ ಕೊಡು. ಅವಳದ್ಯಾಕೆ ಕೊಡ್ತೀಯ?"

ಸುಮಾಳಿಂದ ನನಗೆ ಎರಡನೇ ಸಲ ಕಾಫಿ ಬಂತು. ಅದಕ್ಕೆ ಸಕ್ಕರೆಯೂ ಬಿದ್ದಿತ್ತು. (ನನಗೆ ಶುಗರ್ ಇದೆ. ಕುಡಿದೆ.)

ಶನಿವಾರ ಮೂವರೂ ವಿಜಯವಾಡಕ್ಕೆ ಹೋದೆವು. ರೈಲಿನಲ್ಲಿ ಸುಮಾ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲೇ ಇಲ್ಲ. ಅಲ್ಲಿ ಟೇಬಲ್ ಮುಂದೆ ಒಂದು ಹಗ್ಗ, ಹಗ್ಗಕ್ಕೊಂದು ಬೋರ್ಡು. ಮುಟ್ಟಬಾರದು ಅಂತ ತೆಲುಗಿನಲ್ಲಿ ಬರೆದಿದೆಯಂತೆ. (ನನಗೆ ಕನ್ನಡದ ಅಕ್ಷರವೇ ಅಷ್ಟಕ್ಕಷ್ಟೆ.) ಬಂದವರೆಲ್ಲ ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತರು. ಮಕ್ಕಳ ಕೈಯನ್ನು ಅವರವರೇ ಹಿಡಿದುಕೊಂಡಿದ್ದರು.

ಒಂದು ಪುಟಾಣಿ ಹಗ್ಗದ ಕೆಳಗೆ ಕೈ ತೂರಿಸಿತು. ಓಡಿ ಬಂದು ತಡೆದವರು ಯಾರು ಗೊತ್ತೆ? ನನ್ನ ಮಗ.

"ಮುಟ್ಟಬಾರದಮ್ಮ. ನನ್ನ ಹೆಂಡತಿ ಕೈಯಾರೆ ಕಟ್ಟಿರೋದು," ಎಂದು ತೆಲುಗಿನಲ್ಲಿ ಗದರಿದ. ಎದೆ ಬೇರೆ ಉಬ್ಬಿತ್ತು.

ಅದೇ ಮಂಡಿ, ಅದೇ ಮಗ. ಮಧ್ಯೆ ಒಂದು ಹಗ್ಗ ಬಂದದ್ದಕ್ಕೆ ಇಷ್ಟು ಬುದ್ಧಿ ಬರುವುದಾದರೆ ಮೊದಲೇ ಕಟ್ಟಬಹುದಿತ್ತು.

ವಾಪಸ್ ಬರುವಾಗ ಸ್ಟೇಷನ್ ಹತ್ತಿರ ಎರಡು ಮಾರು ಹಗ್ಗ ಕೊಂಡುಕೊಂಡು ಬಂದಿದ್ದೇನೆ. ನೀವೇ ಹೇಳಿ, ಅದನ್ನು ಟೇಬಲ್ ಮುಂದೆ ಕಟ್ಟಲೋ, ಮಗನ ಕೈಗೆ ಕಟ್ಟಲೋ?